ಮೂರು ಲಕ್ಷದ ಕೆಳಗಿನ ಊರುಗಳು

(ಶಿರಸಿಯಲ್ಲಿ ಓದುಗರ ಬಳಗವೊಂದರ ಎದುರು ಆಡಿದ ಮಾತುಗಳನ್ನು ಬರಹಕ್ಕೆ ತಕ್ಕಂತೆ ತಿದ್ದಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವೂ ಇದರಲ್ಲಿ ಸೇರಿದೆ.)

ಹಿರಿಯರೆ, ಗೆಳೆಯರೆ,

ಅಡಿಕೆ ಬೆಳೆಗಾರರ ಸೊಸೈಟಿಯ ವಾರ್ಷಿಕ ಸರ್ವಸಾಧಾರಣ ಸಭೆ ಹೇಗಿರುತ್ತದೆ ಎಂಬುದನ್ನು ಶಿರಸಿಯವರಿಗೆ ನಾನು ವಿವರಿಸಿ ಹೇಳಬೇಕಾದ್ದಿಲ್ಲ. ಸಭೆಗೆ ಮೊದಲೇ ವರದಿ ಪುಸ್ತಕ ಸದಸ್ಯರ ಕೈ ಸೇರುತ್ತದೆ. ಅದರಲ್ಲಿ ಅಢಾವೆ ಪತ್ರಿಕೆ ಇರುತ್ತದೆ, ಲಾಭ-ಹಾನಿಯ ಲೆಕ್ಕ ಇರುತ್ತದೆ, ಲೆಕ್ಕ ಪರಿಶೋಧಕರ ವರದಿ ಇರುತ್ತದೆ. ಹತ್ತು ಗುಂಟೆ ತೋಟವಿರುವ ಸದಸ್ಯನೂ ಪುಟದ ಸಂಖ್ಯೆ ಹೇಳಿ ಎದ್ದು ನಿಂತು, ಹೋದ ವರ್ಷಕ್ಕಿಂತ ಈ ಖರ್ಚು ಏಕೆ ಹೆಚ್ಚಾಯಿತು ಎಂದು ಕೇಳಬಹುದು. ಅವನ ಪ್ರಶ್ನೆ ಆಡಳಿತ ಮಂಡಳಿಗೆ ಹಿಡಿಸದೆ ಹೋಗಬಹುದು, ಆದರೆ ಅದನ್ನು ಕೇಳುವ ಜಾಗ ಅವನಿಗಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ ಈ ಊರಿನಲ್ಲಿ ಲೆಕ್ಕ ಕೇಳುವ ಈ ಅಭ್ಯಾಸಕ್ಕೆ ನೂರು ವರ್ಷ ದಾಟಿದೆ.

ಅದೇ ಸದಸ್ಯ ಶಿರಸಿಯ ಯಾವುದೋ ವಾರ್ಡಿನಲ್ಲಿ ಮನೆ ಕಟ್ಟಿಕೊಂಡು ನಗರಸಭೆಗೆ ಕರ ತುಂಬುತ್ತಾನೆ ಎಂದುಕೊಳ್ಳಿ. ತನ್ನ ಬೀದಿಯ ಗಟಾರದ ಹಣ ಎಲ್ಲಿಗೆ ಹೋಯಿತು ಎಂದು ಕೇಳಬೇಕಾದರೆ ಅವನು ಎಲ್ಲಿ ಎದ್ದು ನಿಲ್ಲಬೇಕು? ಸದಸ್ಯರ ಮನೆಗೆ ಹೋಗಬಹುದು, ಪೌರಾಯುಕ್ತರಿಗೆ ಅರ್ಜಿ ಕೊಡಬಹುದು, ಪತ್ರಿಕೆಗೆ ಬರೆಯಬಹುದು. ಆದರೆ ನೆರೆಹೊರೆಯವರ ನಡುವೆ ನಿಂತು ಕೇಳಿ, ಕೇಳಿದ್ದು ನಡಾವಳಿಯಲ್ಲಿ ದಾಖಲಾಗುವಂಥ ಸಭೆ ಅವನಿಗಿಲ್ಲ. ಇಂದು ನಾನು ಆಡಬೇಕೆಂದಿರುವ ಮಾತೆಲ್ಲ ಇಲ್ಲದ ಆ ಸಭೆಯ ಕುರಿತೇ ಇದೆ.

ನಾನು ಬೆಳೆದದ್ದು ಕಾರವಾರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಗ್ರಾಮಸಭೆ ಶಾಲೆಯ ಜಗುಲಿಯ ಮೇಲೆ ನಡೆಯುತ್ತಿತ್ತು. ಬಹಳ ಶಿಸ್ತಿನ ಸಭೆಯೇನೂ ಅಲ್ಲ. ಮನೆ ಹಂಚಿಕೆಯ ಪಟ್ಟಿ ಓದುವಾಗ ತುಂಬಿರುತ್ತಿದ್ದ ಜಗುಲಿ, ಲೆಕ್ಕ ಓದುವ ಹೊತ್ತಿಗೆ ಅರ್ಧ ಖಾಲಿಯಾಗುತ್ತಿತ್ತು. ಆದರೂ ಒಂದು ಬೇಸಿಗೆಯಲ್ಲಿ ನನ್ನ ಅಮ್ಮ ಸೆರಗು ಬಿಗಿದು ಎದ್ದು, ಕೇರಿಯ ಬಾವಿಗೆ ಉಪ್ಪುನೀರು ಬರುತ್ತಿರುವುದನ್ನು ಕೊಂಕಣಿಯಲ್ಲಿ ಹೇಳಿದ್ದು, ಕಾರ್ಯದರ್ಶಿ ಅದನ್ನು ಕನ್ನಡದಲ್ಲಿ ಬರೆದುಕೊಂಡದ್ದು ನನಗೆ ಇಂದಿಗೂ ನೆನಪಿದೆ. ಮುಂದೆ ನಾನು ಪಟ್ಟಣಕ್ಕೆ ಬಂದು ನೆಲೆಸಿದಾಗ, ನಮ್ಮ ವಾರ್ಡಿನ ಸಭೆ ಯಾವಾಗ ಎಂದು ಕಚೇರಿಯಲ್ಲಿ ವಿಚಾರಿಸಿದೆ. ಮೇಜಿನ ಹಿಂದಿದ್ದವರು ಬೇಸರಿಸದೆ, ಅಂಥದ್ದು ಹಳ್ಳಿಗಳಲ್ಲಿ ಇರುತ್ತದೆ, ಇಲ್ಲಿ ಇಲ್ಲ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹಳ್ಳಿಯ ಗಡಿ ದಾಟಿ ಊರಿಗೆ ಬಂದ ನಾನು ನಲ್ಲಿ ನೀರು, ಬೀದಿದೀಪ, ಒಳ್ಳೆಯ ಆಸ್ಪತ್ರೆಗಳನ್ನು ಪಡೆದು, ಮಾತಾಡುವ ಒಂದು ಜಗುಲಿಯನ್ನು ಕಳೆದುಕೊಂಡಿದ್ದೆ.

ಹೀಗೇಕಾಯಿತು ಎಂಬುದಕ್ಕೆ ಕಾನೂನಿನಲ್ಲಿಯೇ ಉತ್ತರವಿದೆ. ಸಂವಿಧಾನದ 73ನೆಯ ಮತ್ತು 74ನೆಯ ತಿದ್ದುಪಡಿಗಳು ಅವಳಿಗಳಂತೆ ಬಂದವು. ಪಂಚಾಯತಿಗಳ ಕುರಿತಾದದ್ದು 1993ರ ಏಪ್ರಿಲ್ 24ರಂದು, ನಗರಗಳ ಕುರಿತಾದದ್ದು ಅದೇ ವರ್ಷದ ಜೂನ್ 1ರಂದು ಜಾರಿಯಾಯಿತು. ಐದು ವರ್ಷಗಳ ಅವಧಿ, ರಾಜ್ಯ ಚುನಾವಣಾ ಆಯೋಗ, ಹಣಕಾಸು ಆಯೋಗ, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಮೀಸಲಾತಿ, ಇವೆಲ್ಲ ಎರಡರಲ್ಲೂ ಇವೆ. ವ್ಯತ್ಯಾಸವಿರುವುದು ಮತದಾರನ ವಿಷಯದಲ್ಲಿ. ಹಳ್ಳಿಯ ಮತದಾರರೆಲ್ಲರೂ ಸೇರಿದ ಗ್ರಾಮಸಭೆಯನ್ನು 243ಎ ವಿಧಿ ಹೆಸರಿಟ್ಟು ಗುರುತಿಸುತ್ತದೆ. ನಮ್ಮ ರಾಜ್ಯದ ಪಂಚಾಯತ್ ಕಾಯ್ದೆ ಅದನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕೆನ್ನುತ್ತದೆ. ನಗರಗಳಿಗೆ ಅದಕ್ಕೆ ಬದಲಾಗಿ 243ಎಸ್ ವಿಧಿಯ ವಾರ್ಡ್ ಸಮಿತಿ ಬಂತು. ಅದೂ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಿಗೆ ಮಾತ್ರ ಕಡ್ಡಾಯ.

ಮೂರು ಲಕ್ಷ ಎಂಬ ಈ ಸಂಖ್ಯೆಯನ್ನು ನಮ್ಮ ಜಿಲ್ಲೆಯ ಮೇಲಿಟ್ಟು ನೋಡೋಣ. 2011ರ ಗಣತಿಯಲ್ಲಿ ಇಡೀ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ಕಾರವಾರ, ಶಿರಸಿ, ದಾಂಡೇಲಿ, ಭಟ್ಕಳ, ಕುಮಟಾ, ಅಂಕೋಲಾ, ಹಳಿಯಾಳ, ಹೊನ್ನಾವರ, ಯಲ್ಲಾಪುರ, ಮುಂಡಗೋಡ, ಸಿದ್ದಾಪುರ, ಇವುಗಳಲ್ಲಿ ಯಾವ ಊರೂ ಆಗ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಅಂದರೆ ಸಂವಿಧಾನವು ನಗರದ ನಾಗರಿಕನಿಗೆಂದು ತೆರೆದ ಬಾಗಿಲು ನಮ್ಮ ಜಿಲ್ಲೆಯ ಒಂದೇ ಒಂದು ಊರಿಗೂ ತಾನಾಗಿ ತೆರೆದುಕೊಳ್ಳುವುದಿಲ್ಲ. ನಗರ ರಾಜಕೀಯದ ಚರ್ಚೆಯೆಂದರೆ ಬೆಂಗಳೂರಿನ ಚರ್ಚೆಯಾಗಿಬಿಟ್ಟಿರುವ ರಾಜ್ಯದಲ್ಲಿ ಈ ಸಂಗತಿಯನ್ನು ಯಾರೂ ದೊಡ್ಡ ದನಿಯಲ್ಲಿ ಹೇಳುತ್ತಿಲ್ಲ. ಹಳ್ಳಿಗನಿಗೆ ಗ್ರಾಮಸಭೆಯಿದೆ, ಮಹಾನಗರದವನಿಗೆ ವಾರ್ಡ್ ಸಮಿತಿಯಿದೆ, ನಡುವಿನ ಊರಿನವನಿಗೆ ಐದು ವರ್ಷಕ್ಕೊಮ್ಮೆ ಒತ್ತುವ ಒಂದು ಗುಂಡಿ ಮಾತ್ರ ಇದೆ.

ಇದು ನನ್ನನ್ನು ಹೆಚ್ಚು ನೋಯಿಸುವುದಕ್ಕೆ ಇನ್ನೊಂದು ಕಾರಣವಿದೆ. ಹಳ್ಳಿಗಳಿಗೆ ಅಧಿಕಾರ ಹಂಚುವ ಕೆಲಸವನ್ನು ದೇಶ ಕರ್ನಾಟಕದಿಂದ ಕಲಿಯಿತು ಎಂದರೆ ಉತ್ಪ್ರೇಕ್ಷೆಯಾಗದು. 1983ರ ಪಂಚಾಯತ್ ಕಾನೂನು ಬಂದದ್ದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ. ಅದನ್ನು ಹಳ್ಳಿಹಳ್ಳಿಗೂ ಮುಟ್ಟಿಸಲು ಜೀವ ತೇಯ್ದವರು ಅವರ ಸಂಪುಟದ ಸಚಿವ ಅಬ್ದುಲ್ ನಜೀರ್ ಸಾಬ್. ಆ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆದು, ಮಂಡಲ ಪಂಚಾಯತಿಗಳಿಗೂ ಜಿಲ್ಲಾ ಪರಿಷತ್ತುಗಳಿಗೂ ಸಂವಿಧಾನ ತಿದ್ದುಪಡಿಗಿಂತ ವರ್ಷಗಳ ಮೊದಲೇ ಮಹಿಳೆಯರು ಶೇ 25ರ ಮೀಸಲಾತಿಯಲ್ಲಿ ಬಂದು ಕುಳಿತರು. ಹೆಗಡೆಯವರು ಇಲ್ಲಿಂದ ಹೆಚ್ಚು ದೂರವಿಲ್ಲದ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರು. ಅವರ ಕಾಲದ ಆ ಯೋಚನೆ ಹಳ್ಳಿಯ ಗಡಿಯಲ್ಲೇ ನಿಂತಿತು. ಸಿದ್ದಾಪುರ ಪೇಟೆಗೆ, ಶಿರಸಿಗೆ, ಕಾರವಾರಕ್ಕೆ ಅದನ್ನು ತರುವ ಕೆಲಸ ಬಾಕಿ ಉಳಿಯಿತು, ಇಂದಿಗೂ ಬಾಕಿಯಿದೆ.

ತರಲು ಸಂವಿಧಾನದ ಅಡ್ಡಿಯೇನಾದರೂ ಇದೆಯೇ ಎಂದರೆ, ಇಲ್ಲ. ವಾರ್ಡ್ ಸಮಿತಿಗಳಲ್ಲದೆ ಬೇರೆ ಸಮಿತಿಗಳನ್ನೂ ರಚಿಸಲು ರಾಜ್ಯದ ಶಾಸಕಾಂಗಕ್ಕೆ ಯಾವ ತಡೆಯೂ ಇಲ್ಲವೆಂದು 243ಎಸ್ ವಿಧಿಯ ಐದನೆಯ ಉಪವಿಧಿ ಬಿಡಿಸಿ ಹೇಳಿದೆ. ನೆರೆಯ ಕೇರಳ ತನ್ನ 1994ರ ಪುರಸಭಾ ಕಾನೂನಿನಲ್ಲಿ ಇದನ್ನು ಮಾಡಿಯೇ ತೋರಿಸಿತು. ಅಲ್ಲಿ ಒಂದು ಲಕ್ಷ ಮೀರದ ಪಟ್ಟಣಗಳಲ್ಲಿ ಪ್ರತಿ ವಾರ್ಡಿನ ಮತದಾರರೆಲ್ಲರೂ ಸೇರುವ ವಾರ್ಡ್ ಸಭೆಯುಂಟು; ಅದಕ್ಕಿಂತ ದೊಡ್ಡ ಊರುಗಳಲ್ಲಿ ವಾರ್ಡ್ ಸಮಿತಿಯುಂಟು. ಊರು ಚಿಕ್ಕದಾದಷ್ಟೂ ಎಲ್ಲರನ್ನೂ ಒಂದೆಡೆ ಕೂಡಿಸುವುದು ಸುಲಭ ಎಂಬ ಸರಳ ವಿವೇಕ ಅದರ ಹಿಂದಿದೆ. ನಮ್ಮಲ್ಲಿ ಲೆಕ್ಕ ತಿರುಗುಮುರುಗಾಗಿದೆ.

ಈಗ ಇಂಥ ಸಭೆ ಏಕೆ ಬೇಕು, ಆರಿಸಿ ಕಳಿಸಿದ ಸದಸ್ಯರಿಲ್ಲವೇ ಎಂಬ ಪ್ರಶ್ನೆಗೆ ಬರುತ್ತೇನೆ. ಸದಸ್ಯರಿದ್ದಾರೆಯೇ ಎಂಬುದನ್ನೇ ಮೊದಲು ನೋಡಬೇಕು. 2018ರ ಆಗಸ್ಟ್ 31ರಂದು ಕಾರವಾರದಲ್ಲಿಯೂ ಶಿರಸಿಯಲ್ಲಿಯೂ ನಾವು ಸಾಲಿನಲ್ಲಿ ನಿಂತು ಮತ ಹಾಕಿದೆವು. ಎರಡೂ ನಗರಸಭೆಗಳಲ್ಲಿ ತಲಾ 31 ವಾರ್ಡುಗಳು. ಸೆಪ್ಟೆಂಬರ್ ಮೊದಲ ವಾರದಲ್ಲೇ ಫಲಿತಾಂಶ ಬಂತು, ಪಟಾಕಿಯೂ ಸಿಡಿಯಿತು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ರಾಜ್ಯದ ಬಹುಪಾಲು ಊರುಗಳಂತೆ ಇಲ್ಲಿಯೂ 2020ರ ಕೊನೆಯವರೆಗೆ ಅಧ್ಯಕ್ಷರ ಆಯ್ಕೆಯಾಗಲಿಲ್ಲ. ಎರಡು ವರ್ಷ ಗೆದ್ದವರು ಗೆದ್ದವರಾಗಿ ಉಳಿದರೇ ಹೊರತು ಆಡಳಿತ ನಡೆಸುವವರಾಗಲಿಲ್ಲ. ಅಧ್ಯಕ್ಷರ ಅವಧಿ 30 ತಿಂಗಳು. ಮೊದಲನೆಯ ಅವಧಿ 2023ರಲ್ಲಿ ಮುಗಿದಾಗ ಮತ್ತೆ ಮೀಸಲಾತಿಯ ತೊಡಕು, ಮತ್ತೆ ಒಂದು ವರ್ಷಕ್ಕೂ ಮಿಕ್ಕಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕಾಲ. 2024ರ ಆಗಸ್ಟ್‌ನಿಂದೀಚೆಗಷ್ಟೇ ಎರಡನೆಯ ಅವಧಿಯ ಅಧ್ಯಕ್ಷರು ಕುರ್ಚಿಗೆ ಬಂದರು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು 243ಯು ವಿಧಿ ಹೇಳುತ್ತದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒತ್ತಿ ಹೇಳಿದೆ. ಹಾಗಿದ್ದೂ ಆರಿಸಿದವರಿಲ್ಲದ ಆಡಳಿತ ನಮಗೆ ರೂಢಿಯಾಗುತ್ತಿದೆ. ಆಡಳಿತಾಧಿಕಾರಿಯಾಗಿ ಬಂದ ಅಧಿಕಾರಿಗಳಲ್ಲಿ ದಕ್ಷರು ಇರುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರಿಗೆ ನಮ್ಮ ಓಣಿಯ ಪರಿಚಯವಿರಬೇಕೆಂದಿಲ್ಲ, ನಮಗೆ ಉತ್ತರ ಕೊಡುವ ಹೊಣೆಯೂ ಅವರಿಗಿಲ್ಲ.

ಗ್ರಾಮಸಭೆಯ ನಿಜವಾದ ಬಲವಿರುವುದು ಇಲ್ಲಿಯೇ. ಪಂಚಾಯತಿಯ ಅವಧಿ ಮುಗಿಯಬಹುದು, ಅದು ವಿಸರ್ಜನೆಯೂ ಆಗಬಹುದು. ಮತದಾರರೇ ಸೇರಿ ಆದ ಸಭೆಯನ್ನು ವಿಸರ್ಜಿಸಲು ಬರುವುದಿಲ್ಲ. ಕಾರವಾರದ ಪ್ರತಿ ವಾರ್ಡಿನಲ್ಲೂ ಅಂಥದೊಂದು ಸಭೆ ಇದ್ದಿದ್ದರೆ, 2018ರಿಂದ 2020ರವರೆಗೆ ಆಡಳಿತಾಧಿಕಾರಿಯ ಎದುರು ಊರಿನ ಪರವಾಗಿ ಕುಳಿತು ಮಾತಾಡುವ 31 ಜಾಗಗಳು ಇರುತ್ತಿದ್ದವು.

ಎರಡನೆಯ ಕಾರಣ ತಿಳಿವಳಿಕೆಗೆ ಸಂಬಂಧಿಸಿದ್ದು. ಸಂವಿಧಾನದ 12ನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯಗಳಿವೆ. ಪಟ್ಟಿ ದೊಡ್ಡದಾಗಿದ್ದರೂ ದೊಡ್ಡ ಕಾಮಗಾರಿಗಳ ತೀರ್ಮಾನವಾಗುವುದು ನಗರಸಭೆಯ ಸಭಾಂಗಣದ ಹೊರಗೆ. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಪಡೆದು ಕೈಗೊಂಡ ಕರಾವಳಿ ನಗರಾಭಿವೃದ್ಧಿ ಯೋಜನೆ ಕಾರವಾರ, ಅಂಕೋಲಾ, ಭಟ್ಕಳ, ಶಿರಸಿ, ದಾಂಡೇಲಿಗಳೂ ಸೇರಿ ಹತ್ತು ಊರುಗಳನ್ನು ಒಳಗೊಂಡಿತ್ತು. ನೀರು, ಒಳಚರಂಡಿಗೆ ಹಣ ಬಂದದ್ದು ಒಳ್ಳೆಯದೇ. ಆದರೆ ಕೊಳವೆ ಎಲ್ಲಿ ಹೋಗಬೇಕು ಎಂಬುದನ್ನು ಬಲ್ಲವರು ಯಾರು? ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಭರತಿಗೆ ಜುಲೈ ತಿಂಗಳ ಮಳೆಯೂ ಕೂಡಿದರೆ ತಗ್ಗಿನ ಕೇರಿಗಳ ಗಟಾರದ ನೀರು ಸಮುದ್ರಕ್ಕೆ ಹೋಗುವ ಬದಲು ಹಿತ್ತಿಲಿಗೆ ತಿರುಗುತ್ತದೆ. ಬೇಸಿಗೆಯಲ್ಲಿ ಬಂದು ಮಟ್ಟ ಅಳೆದು ಹೋದ ಎಂಜಿನಿಯರಿಗೆ ಇದು ಕಾಣುವುದಿಲ್ಲ; ಅದು ಅವರ ತಪ್ಪೂ ಅಲ್ಲ. ಆ ಕೇರಿಯಲ್ಲಿ ನಲವತ್ತು ಮಳೆಗಾಲ ಕಳೆದ ಹೆಂಗಸಿಗೆ ನೀರು ಯಾವ ಮೂಲೆಯಿಂದ ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾರು ಗದ್ದೆಗೆ ಮಣ್ಣು ತುಂಬಿದ ಮೇಲೆ ಹೀಗಾಯಿತು ಎಂಬುದೆಲ್ಲ ಗೊತ್ತಿರುತ್ತದೆ. ಘಟ್ಟದ ಮೇಲೆ ಬಂದರೆ ಬೇರೆ ತಿಳಿವಳಿಕೆ. ಶಿರಸಿಗೆ ನೀರು ಕೊಡುವ ಕೆಂಗ್ರೆ ಹೊಳೆ, ಮಾರಿಗದ್ದೆಗಳಲ್ಲಿ ಯಾವ ಬೇಸಿಗೆಯಲ್ಲಿ ಹರಿವು ಎಲ್ಲಿಗಿಳಿದಿತ್ತು ಎಂಬುದನ್ನು ಹೊಳೆಯಂಚಿನ ತೋಟದವರು ಬಾಯಿಲೆಕ್ಕದಲ್ಲಿ ಹೇಳಬಲ್ಲರು. ಈ ಅರಿವು ಕಾಮಗಾರಿಯ ಅಂದಾಜು ಪಟ್ಟಿಯೊಳಗೆ ಸೇರಲು ಒಂದು ದಾರಿ ಬೇಕು. ಈಗ ಅದು ಚಹಾದಂಗಡಿಯಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತಿದೆ.

ದಾರಿ ಇಲ್ಲದಾಗ ಜನ ಬೀದಿಗೆ ಬರುತ್ತಾರೆ. 2020ರ ಜನವರಿಯಲ್ಲಿ ಕಾರವಾರದಲ್ಲಿ ಬಂದರು ವಿಸ್ತರಣೆಯ ಅಲೆತಡೆಗೋಡೆಯನ್ನು ವಿರೋಧಿಸಿ ಮೀನುಗಾರರು ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನಿಂತದ್ದು, ಪೇಟೆ ಮುಚ್ಚಿದ್ದು, ವಿಷಯ ಹೈಕೋರ್ಟಿಗೆ ಹೋದದ್ದು ನಿಮಗೆ ನೆನಪಿರಬಹುದು. ಬಂದರು ನಗರಸಭೆಯ ಅಧಿಕಾರದ ವಿಷಯವಲ್ಲ, ನಿಜ. ಆದರೆ ಊರಿನ ಏಕೈಕ ತೆರೆದ ಕಡಲತೀರದ ಭವಿಷ್ಯದ ಬಗ್ಗೆ ಊರಿನವರು ಸೇರಿ ಒಂದು ಠರಾವು ಮಾಡಲು ಕಾನೂನು ಮನ್ನಿಸುವ ಯಾವ ವೇದಿಕೆಯೂ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಯೋಜನೆಯ ಪರವಾಗಿದ್ದವರಿಗೂ ಇರಲಿಲ್ಲ. ಹೀಗಾಗಿ ಮಾತು ಆಗಬೇಕಾದಲ್ಲಿ ಘೋಷಣೆಯೂ ಲಾಠಿಯೂ ಎದುರಾಬದುರಾದವು.

ಸಹಭಾಗಿತ್ವವೆಂದರೆ ಶ್ರಮದಾನ ಎಂಬ ಒಂದು ತಪ್ಪು ಕಲ್ಪನೆಯೂ ನಮ್ಮಲ್ಲಿದೆ. ಶಿರಸಿಯ ನಾಗರಿಕರು ತಾವೇ ಹಣ ಕೂಡಿಸಿ, ಯಂತ್ರ ತರಿಸಿ, ಕೆರೆಗಳ ಹೂಳೆತ್ತಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ಬೇರೆ ಊರುಗಳಲ್ಲಿ ಇಷ್ಟು ಕಾಣುವುದು ಕಷ್ಟ. ಆದರೆ ಹೂಳೆತ್ತಿದ ಕೆರೆಗೆ ಮೇಲಿನ ಬಡಾವಣೆಯ ಕೊಳಚೆ ಇಳಿಯದಂತೆ ತಡೆಯುವ ಅಧಿಕಾರ ಹೂಳೆತ್ತಿದವರಿಗಿಲ್ಲ. ದುಡಿಯಲು ಕರೆದು, ತೀರ್ಮಾನಿಸುವಾಗ ಬಿಟ್ಟುಬಿಡುವುದು ಸಹಭಾಗಿತ್ವವಲ್ಲ.

ಹಾಗೆಂದು ಈಗಿರುವ ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಪಟ್ಟಣಕ್ಕೂ ವ್ಯಾಪಾರ ಸಮಿತಿಯೊಂದನ್ನು ಕೊಟ್ಟಿದೆ, ಅದಕ್ಕೆ ಮೂರು ಲಕ್ಷದ ಗೆರೆಯಿಲ್ಲ. ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಕಾರವಾರದ ಭಾನುವಾರದ ಸಂತೆಗೆ ತರಕಾರಿ ತರುವ ಹಾಲಕ್ಕಿ ಹೆಂಗಸರು, ಬುಟ್ಟಿ ಹೊತ್ತು ಮೀನು ಮಾರುವವರು ಎಲ್ಲಿ ಕೂರಬೇಕೆಂಬ ತೀರ್ಮಾನದಲ್ಲಿ ಅವರ ಮಾತಿಗೆ ಕಾನೂನಿನ ಸ್ಥಾನವಿದೆ ಎಂದಾಯಿತು. ಆ ಹೆಂಗಸರಲ್ಲಿ ಎಷ್ಟು ಜನರಿಗೆ ಇದನ್ನು ಯಾರಾದರೂ ಹೇಳಿದ್ದಾರೆ?

ಇನ್ನೊಂದು ಅವಕಾಶ ಬಜೆಟ್ ಪೂರ್ವಭಾವಿ ಸಭೆ. ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ಹೊತ್ತಿಗೆ ಸಾರ್ವಜನಿಕರ ಸಲಹೆ ಕೇಳಿ ಪ್ರಕಟಣೆ ಬರುತ್ತದೆ. ಕರಾವಳಿಯ ಒಂದು ಊರಿನಲ್ಲಿ ಅಂಥ ಸಭೆಗೆ ನಾನು ಹೋಗಿದ್ದೆ. ಸಭಾಂಗಣದಲ್ಲಿ ಸಿಬ್ಬಂದಿಯನ್ನು ಬಿಟ್ಟರೆ ಹದಿನಾಲ್ಕು ಜನರಿದ್ದೆವು. ಕೈಗೆ ಕೊಟ್ಟ ಹಾಳೆಯಲ್ಲಿ ಹಿಂದಿನ ವರ್ಷ ಎಷ್ಟು ಅಂದಾಜಿಸಿ ಎಷ್ಟು ಖರ್ಚಾಯಿತು ಎಂಬ ಕಲಮೇ ಇರಲಿಲ್ಲ. ನಾವು ಕೇಳಿದ್ದೂ ಬೀದಿದೀಪ, ನಾಯಿ ಕಾಟ, ಹೊಂಡಗಳ ವಿಷಯ. ತಪ್ಪಲ್ಲ, ಆದರೆ ಅವು ದೂರುಗಳು, ಬಜೆಟ್ಟಿನ ಮಾತಲ್ಲ. ಅನುದಾನದಲ್ಲಿ ಪರಿಶಿಷ್ಟರಿಗೆಂದು ಶೇ 24.10, ಇತರ ಬಡವರಿಗೆಂದು ಶೇ 7.25, ಅಂಗವಿಕಲರಿಗೆಂದು ಶೇ 5 ತೆಗೆದಿಡುವ ಪದ್ಧತಿಯಿದೆ. ಆ ಹಣ ನಮ್ಮ ಊರಿನ ಯಾವ ಕೇರಿಗೆ, ಯಾವುದಕ್ಕೆ ಹೋಯಿತು ಎಂಬ ಒಂದು ಪ್ರಶ್ನೆಯೂ ಅಂದು ಬರಲಿಲ್ಲ, ನನ್ನಿಂದಲೂ ಬರಲಿಲ್ಲ. ಸೊಸೈಟಿಯ ಸಭೆಗೆ ವರದಿ ಓದಿಕೊಂಡು ಹೋಗುವ ನಾವು ಊರಿನ ಸಭೆಗೆ ಬರಿಗೈಯಲ್ಲಿ ಹೋಗಿದ್ದೆವು. ಶೇ 5ರ ರಿಯಾಯಿತಿಗೆಂದು ಏಪ್ರಿಲ್‌ನಲ್ಲೇ ಕರ ತುಂಬಿ ರಸೀದಿ ಜೋಪಾನ ಮಾಡುವವರು ಅದೇ ಹಣದ ಲೆಕ್ಕಕ್ಕಾಗಿ ಅರ್ಧ ದಿನ ಕೊಡುವುದಿಲ್ಲ.

ವಾರ್ಡ್ ಸಭೆ ಬಂದರೆ ಅದೂ ಗುತ್ತಿಗೆದಾರರ, ಪಕ್ಷದ ಹುಡುಗರ ಕೈಗೆ ಸಿಕ್ಕೀತು ಎಂಬ ಅಂಜಿಕೆ ನಿಮ್ಮಲ್ಲಿ ಅನೇಕರಿಗಿದೆ. ಗ್ರಾಮಸಭೆಗಳನ್ನು ಕಂಡವನಾಗಿ ಆ ಅಂಜಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕೋರಂ ಇಲ್ಲದ ಸಭೆಗೆ ಮನೆಮನೆಯಿಂದ ಸಹಿ ತಂದು ನಡಾವಳಿ ತುಂಬಿಸಿದ್ದನ್ನೂ ನೋಡಿದ್ದೇನೆ. ಆದರೆ ಸುಳ್ಳು ನಡಾವಳಿಯನ್ನು ಸುಳ್ಳೆಂದು ತೋರಿಸಲು ನಡಾವಳಿ ಎಂಬುದೊಂದು ಇರಬೇಕಲ್ಲ. ಸಭೆ ಕೆಡುವುದು ಬಹುಮಟ್ಟಿಗೆ ಅದನ್ನು ಕರೆಯುವ ರೀತಿಯಿಂದ. ಬೆಳಗಿನ ಹನ್ನೊಂದು ಗಂಟೆಗೆ ಕರೆದರೆ ಮೀನು ಪೇಟೆಯ ಹೆಂಗಸರು ಬರಲಾರರು, ಕೂಲಿಯವರು ಬರಲಾರರು. ನಿವೃತ್ತರು ಮಾತ್ರ ಬರುತ್ತಾರೆ. ಕಾರವಾರದಲ್ಲಿ ಕೊಂಕಣಿಯಲ್ಲಿ ಆಡಿದ ಮಾತೂ ನಡಾವಳಿಗೆ ಏರಬೇಕು. ನಗರಸಭೆಯಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದ್ದರೂ ಅವರ ಪರವಾಗಿ ಮನೆಯ ಗಂಡಸರು ಮಾತಾಡುವುದನ್ನು ನಾವು ಕಂಡಿದ್ದೇವೆ. ಕೇರಿಯ ನೂರು ಹೆಂಗಸರ ಎದುರು ಸದಸ್ಯೆಯೇ ನಿಂತು ವರದಿ ಓದಬೇಕಾದಾಗ ಆ ಗಂಡಸರು ಪಕ್ಕಕ್ಕೆ ಸರಿಯಲೇಬೇಕಾಗುತ್ತದೆ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು, ಶಿರಸಿಯಂಥ ಊರಿನಲ್ಲಿ ಅಷ್ಟು ಜನರನ್ನು ಎಲ್ಲಿ ಕೂಡಿಸುತ್ತೀರಿ ಎಂದು ಕೇಳಿದರು. 2011ರ ಗಣತಿಯ ಅರವತ್ತು ಸಾವಿರ ಚಿಲ್ಲರೆ ಜನರನ್ನು 31 ವಾರ್ಡುಗಳಿಗೆ ಹಂಚಿದರೆ ವಾರ್ಡಿಗೆ ಸುಮಾರು ಎರಡು ಸಾವಿರ ಬರುತ್ತದೆ. ಮಕ್ಕಳನ್ನು ಬಿಟ್ಟು, ಉಳಿದವರಲ್ಲಿ ಹತ್ತರಲ್ಲಿ ಒಬ್ಬರು ಬಂದರೂ ಒಂದು ಶಾಲೆಯ ಅಂಗಳ ಸಾಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಬಿಡಕಿಬೈಲಿನಲ್ಲಿ ಸೇರುವ ಜನಸಾಗರವನ್ನು ನಿಭಾಯಿಸುವ ಊರಿಗೆ ಇದು ಭಾರವಾಗಲಾರದು.

ಇನ್ನೊಬ್ಬ ತರುಣಿ, ಕಾನೂನು ತಿದ್ದುಪಡಿ ಆಗುವವರೆಗೆ ಏನು ಮಾಡುವುದು ಎಂದು ಕೇಳಿದರು. ನಗರಸಭೆಯ ಸಾಮಾನ್ಯ ಸಭೆಯ ಹಿಂದಿನ ಒಂದು ವರ್ಷದ ನಡಾವಳಿಗಳ ಪ್ರತಿಯನ್ನು ಪಡೆದುಕೊಳ್ಳಿ ಎಂದೆ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅದಕ್ಕೆ ಒಂದು ಅರ್ಜಿ, ಹತ್ತು ರೂಪಾಯಿ ಶುಲ್ಕ, ಜೊತೆಗೆ ಪ್ರತಿಗಳ ಖರ್ಚು ಸಾಕು. ಅದರಲ್ಲಿ ನಿಮ್ಮ ವಾರ್ಡಿನ ಹೆಸರು ಬಂದ ಕಡೆಯೆಲ್ಲ ಗೆರೆ ಎಳೆದು, ಮಂಜೂರಾದ ಕೆಲಸ, ಹಣ, ಗಡುವು, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು, ಡಿಸೆಂಬರ್‌ನ ಪೂರ್ವಭಾವಿ ಸಭೆಗೆ ಹೋಗುವಾಗ ಜೊತೆಗೊಯ್ಯಿರಿ. ನಿಮ್ಮದು ಎಷ್ಟನೆಯ ವಾರ್ಡು ಎಂದು ಕೇಳಿದೆ. ಅವರು ಸಂಖ್ಯೆ ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ಇಬ್ಬರು ತಮ್ಮದೂ ಅದೇ ವಾರ್ಡೆಂದು ಕೈಯೆತ್ತಿದರು. ಮೂವರೂ ಸೇರಿ ಅರ್ಜಿ ಬರೆಯುವುದೆಂದು ಅಲ್ಲಿಯೇ ಮಾತಾಯಿತು.